ಕೇಸು ಮುಗಿದರೂ ಖಾತೆ ಯಾಕೆ ತೆರೆಯಲ್ಲ? ಜಪ್ತಿಯಾದ ಹಣ, ಗಾಡಿ, ಮನೆ ಬಿಡಿಸಿಕೊಳ್ಳುವ ದಾರಿ

ಹೋದ ವರ್ಷ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಒಬ್ಬರು ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಖುಲಾಸೆಯ ತೀರ್ಪು. ತೀರ್ಪು ಬಂದು ಹದಿನಾಲ್ಕು ತಿಂಗಳಾಗಿತ್ತು, ಆದರೂ ಅಂಗಡಿಯ ಕರೆಂಟ್ ಅಕೌಂಟ್ ಫ್ರೀಜ್ ಆಗೇ ಇತ್ತು. ಬ್ಯಾಂಕಿಗೆ ಹೋದರೆ "ಪೊಲೀಸರಿಂದ ಪತ್ರ ಬಂದಿಲ್ಲ" ಅಂತಾರೆ. ಠಾಣೆಗೆ ಹೋದರೆ "ಕೇಸು ಮುಗೀತಲ್ಲ, ಕೋರ್ಟಲ್ಲಿ ಕೇಳಿ" ಅಂತಾರೆ. ತೀರ್ಪು ತೆಗೆದು ನೋಡಿದರೆ ಖಾತೆಯ ಬಗ್ಗೆ ಒಂದು ಸಾಲೂ ಇಲ್ಲ. "ಸಾರ್, ನಾನು ಗೆದ್ದಿದೀನಿ ತಾನೇ?" ಅಂತ ಅವರು ಕೇಳಿದರು. ಗೆದ್ದಿದ್ದರು. ಆದರೆ ಕೇಸು ಗೆಲ್ಲುವುದು ಒಂದು ಕೆಲಸ, ಬೀಗ ತೆಗೆಸುವುದು ಇನ್ನೊಂದು ಕೆಲಸ. ಎರಡನೆಯದನ್ನು ನಿಮ್ಮ ಪರವಾಗಿ ಯಾರೂ ತಾವಾಗಿಯೇ ಮಾಡುವುದಿಲ್ಲ.

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುವವನು. ಇಂಥ ಜನ ಮೇಲಿಂದ ಮೇಲೆ ಬರುತ್ತಾರೆ, ಜಾಸ್ತಿ ಜನ ತಡವಾಗಿ ಬರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವ ಜಪ್ತಿ ಯಾವಾಗ ಮುಗಿಯುತ್ತದೆ, ಮುಗಿದ ಮೇಲೆ ಏನು ಮಾಡಬೇಕು ಅನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲ ಕೆಲಸ: ಯಾವ ಕಲಂ ಅಂತ ಪತ್ತೆ ಮಾಡಿ

"ಅಕೌಂಟ್ ಬ್ಲಾಕ್ ಆಗಿದೆ" ಅಂದರೆ ಸಾಲದು. ಯಾರು ಮಾಡಿದರು, ಯಾವ ಕಾಯ್ದೆಯ ಯಾವ ಕಲಮಿನಲ್ಲಿ, ಯಾವ ತಾರೀಖಿನಲ್ಲಿ? ಈ ಮೂರು ಗೊತ್ತಾಗುವ ತನಕ ಎಂಥ ವಕೀಲರಿಗೂ ಉತ್ತರ ಹೇಳಲು ಆಗುವುದಿಲ್ಲ, ಯಾಕೆಂದರೆ ಒಂದೊಂದು ಕಾಯ್ದೆಯಲ್ಲಿ ಜಪ್ತಿಯ ಆಯುಸ್ಸು ಒಂದೊಂದು ಥರ, ಕೆಲವಕ್ಕೆ ಇಷ್ಟೇ ದಿನ ಅಂತ ಇದೆ, ಕೆಲವಕ್ಕೆ ಕೊನೆಯ ದಿನವೇ ಇಲ್ಲ.

ಬ್ಯಾಂಕ್ ಖಾತೆಯಾದರೆ ಶಾಖೆಗೆ ಒಂದು ಪತ್ರ ಬರೆದುಕೊಡಿ. ಫ್ರೀಜ್ ಮಾಡಲು ಹೇಳಿದ ಪತ್ರದ ನಕಲು, ಠಾಣೆಯ ಹೆಸರು, ಎಫ್‌ಐಆರ್ ಅಥವಾ ದೂರಿನ ನಂಬರ್, ಹಿಡಿದಿಟ್ಟ ಮೊತ್ತ, ಇಷ್ಟನ್ನೂ ಕೇಳಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ ಕೇಳಿ ಬರಬೇಡಿ. ಮತ್ತೆ ಒಂದೇ ಖಾತೆಯ ಮೇಲೆ ಎರಡು ಮೂರು ರಾಜ್ಯಗಳ ಪೊಲೀಸರ ಹಿಡಿತ ಇರಬಹುದು, ಹಾಗಾಗಿ "ಎಲ್ಲ ಹಿಡಿತಗಳ ಪಟ್ಟಿ ಕೊಡಿ" ಅಂತಲೇ ಬರೆಯಿರಿ. ಒಂದನ್ನು ಬಿಡಿಸಿಕೊಂಡು ಖುಷಿಯಿಂದ ಹೋಗಿ, ಇನ್ನೊಂದು ಇದೆ ಅಂತ ಕೌಂಟರಿನಲ್ಲಿ ಗೊತ್ತಾದವರನ್ನು ನೋಡಿದ್ದೇನೆ.

ಕೇಸು ಕೋರ್ಟಿಗೆ ಬಂದಿದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿ ನೋಡಬಹುದು. ವಾಯಿದೆ ಯಾವತ್ತು, ಯಾವ ಹಂತ ಅಂತ ಅಲ್ಲೇ ಇರುತ್ತದೆ. ಜಪ್ತಿಯ ಆದೇಶ ಕೋರ್ಟಿನದಾದರೆ ದೃಢೀಕೃತ ನಕಲಿಗೆ ಅರ್ಜಿ ಹಾಕಿ.

ಪದಗಳ ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳೋಣ. ಫ್ರೀಜ್ ಮತ್ತು ಜಪ್ತಿ ಅಂದರೆ ವಸ್ತು ಇನ್ನೂ ನಿಮ್ಮದೇ, ಆದರೆ ಮುಟ್ಟುವ ಹಾಗಿಲ್ಲ. ಮುಟ್ಟುಗೋಲು ಅಂದರೆ ಅದು ಸರ್ಕಾರದ್ದಾಯಿತು. ಮೊದಲನೆಯ ಹಂತದಲ್ಲಿ ಸುಮ್ನೆ ಕೂತರೆ ಕೆಲವು ಕಾಯ್ದೆಗಳಲ್ಲಿ ಅದು ಎರಡನೆಯದಕ್ಕೆ ತಿರುಗುತ್ತದೆ.

ಕಲಂ ನಂಬರುಗಳ ಬಗ್ಗೆ ಒಂದು ಮಾತು. 2024ರ ಜುಲೈ 1ರಿಂದ ಸಿಆರ್‌ಪಿಸಿ, ಅಂದರೆ ಹಳೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂದಿದೆ. ಅದಕ್ಕೂ ಮೊದಲೇ ನಡೆಯುತ್ತಿದ್ದ ಕೇಸುಗಳಲ್ಲಿ ಹಳೆ ನಂಬರುಗಳೇ ಓಡುತ್ತವೆ. ಅದಕ್ಕೆ ಎರಡನ್ನೂ ಹೇಳುತ್ತಾ ಹೋಗುತ್ತೇನೆ.

ಪೊಲೀಸರೇ ಫ್ರೀಜ್ ಮಾಡಿದ್ದರೆ

ಹತ್ತರಲ್ಲಿ ಎಂಟು ಮಂದಿ ಬರುವುದು ಇದಕ್ಕೇ. ಬಿಎನ್‌ಎಸ್‌ಎಸ್ ಕಲಂ 106, ಹಳೆಯದು 102. ಕದ್ದ ಮಾಲು ಅಂತಲೋ ಅಪರಾಧಕ್ಕೆ ಸಂಬಂಧ ಇದೆ ಅಂತಲೋ ಅನುಮಾನ ಬಂದರೆ ಪೊಲೀಸರು ವಸ್ತುವನ್ನು ವಶಕ್ಕೆ ತೆಗೆದುಕೊಳ್ಳಬಹುದು. ಬ್ಯಾಂಕ್ ಖಾತೆಯೂ "ವಸ್ತು"ವೇ ಅಂತ ಸುಪ್ರೀಂ ಕೋರ್ಟ್ 1999ರಲ್ಲಿ ತಾಪಸ್ ನಿಯೋಗಿ ಕೇಸಿನಲ್ಲಿ ಹೇಳಿತು. ಆದರೆ ಮನೆ, ಸೈಟು, ಜಮೀನು ಈ ಕಲಮಿನೊಳಗೆ ಬರುವುದಿಲ್ಲ, ಇದನ್ನು 2019ರಲ್ಲಿ ನೆವಾಡಾ ಪ್ರಾಪರ್ಟೀಸ್ ಕೇಸಿನಲ್ಲಿ ಅದೇ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಹಾಗಾಗಿ 102 ಅಥವಾ 106 ಅಂತ ಬರೆದು ನಿಮ್ಮ ಸೈಟಿನ ಮೇಲೆ ತಡೆ ಹಾಕಿದ್ದರೆ ಆ ತೀರ್ಪು ಹಿಡಿದು ನೇರವಾಗಿ ಪ್ರಶ್ನೆ ಮಾಡಬಹುದು.

ಈ ಫ್ರೀಜಿಗೆ ಕಾನೂನಿನಲ್ಲಿ ಕೊನೆಯ ದಿನ ಅಂತ ಇಲ್ಲ. ಇದು ಮೊದಲು ತಲೆಗೆ ಹೋಗಬೇಕು. ಆರು ತಿಂಗಳಾದರೆ ತಾನಾಗಿ ಬಿಡುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿ ಕಾಯುತ್ತಾ ಕೂರುವವರು ಇದ್ದಾರೆ. ಹಾಗೆ ಬಿಡುವುದಿಲ್ಲ. ವಶಕ್ಕೆ ತೆಗೆದುಕೊಂಡ ಪೊಲೀಸರು ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು ಅನ್ನುವ ನಿಯಮ ಇದೆ. ವರದಿ ತಡವಾದರೆ ಫ್ರೀಜ್ ಬಿದ್ದು ಹೋಗುತ್ತದಾ? ಈ ಬಗ್ಗೆ ಹೈಕೋರ್ಟುಗಳು ಬೇರೆ ಬೇರೆ ಮಾತು ಹೇಳುತ್ತಿದ್ದವು. 2024ರ ಮೇ ತಿಂಗಳಲ್ಲಿ ಶೆಂಟೋ ವರ್ಗೀಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನ ಕೊಟ್ಟಿತು: ತಡವಾಯಿತು ಎಂಬ ಒಂದೇ ಕಾರಣಕ್ಕೆ ಫ್ರೀಜ್ ರದ್ದಾಗುವುದಿಲ್ಲ, ತಡ ಯಾಕಾಯಿತು ಅಂತ ಅಧಿಕಾರಿ ಹೇಳಬೇಕು, ಸರಿಯಾದ ಕಾರಣ ಇಲ್ಲದಿದ್ದರೆ ಅವರ ಮೇಲೆ ಇಲಾಖೆ ಕ್ರಮ ಆಗಬಹುದು. ಅಂದರೆ "ವರದಿ ಮಾಡಿಲ್ಲ" ಅನ್ನುವುದೊಂದನ್ನೇ ನೆಚ್ಚಿಕೊಂಡು ಅರ್ಜಿ ಹಾಕಬೇಡಿ. ಅದನ್ನು ಎರಡನೆಯ ವಾದವಾಗಿ ಇಟ್ಟುಕೊಳ್ಳಿ.

ಹಾಗಾದರೆ ಇದು ಮುಗಿಯುವುದು ಹೇಗೆ? ತನಿಖಾಧಿಕಾರಿಗೆ ನಿಮ್ಮ ಹಣಕ್ಕೂ ಕೇಸಿಗೂ ಸಂಬಂಧ ಇಲ್ಲ ಅಂತ ಮನವರಿಕೆಯಾದರೆ ಅವರೇ ಬ್ಯಾಂಕಿಗೆ ಪತ್ರ ಬರೆಯಬಹುದು. ಇನ್‌ವಾಯ್ಸು, ಜಿಎಸ್‌ಟಿ ಬಿಲ್ಲು, ವಾಟ್ಸಾಪಿನಲ್ಲಿ ಆರ್ಡರ್ ಬಂದ ಮೆಸೇಜು, ಮಾಲು ಕಳಿಸಿದ ಲಾರಿ ರಸೀದಿ, ಹೀಗೆ ಆ ಒಂದು ವ್ಯವಹಾರಕ್ಕೆ ಏನೇನಿದೆಯೋ ಎಲ್ಲ ಜೋಡಿಸಿ ಇ-ಮೇಲ್ ಜೊತೆಗೆ ರಿಜಿಸ್ಟರ್ ಪೋಸ್ಟಿನಲ್ಲೂ ಕಳಿಸಿ. ಎಷ್ಟೋ ಸಣ್ಣ ಮೊತ್ತದ ಪ್ರಕರಣ ಇಷ್ಟರಲ್ಲೇ ಮುಗಿದದ್ದಿದೆ.

ಮುಗಿಯದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ವಿಚಾರಣೆ ಶುರುವಾಗುವ ಮೊದಲಾದರೆ ಕಲಂ 503, ಹಳೆಯದು 457. ವಸ್ತು ಕೋರ್ಟಿನ ಮುಂದೆ ಬಂದಿದ್ದರೆ 497, ಹಳೆಯದು 451. ಅರ್ಜಿಯಲ್ಲಿ ಇಷ್ಟು ಇರಲಿ: ಖಾತೆ ಯಾರದು, ಯಾವಾಗಿನಿಂದ ಇದೆ, ಪ್ರಶ್ನೆಯಲ್ಲಿರುವ ಹಣ ಎಷ್ಟು, ಅದು ಯಾವುದಕ್ಕೆ ಬಂತು, ಖಾತೆ ನಿಂತು ಏನೇನು ತೊಂದರೆಯಾಗಿದೆ. ಸಂಬಳ ಕೊಡಲಾಗಿಲ್ಲ, ಮಗಳ ಕಾಲೇಜು ಫೀಸು ಕಟ್ಟಲಾಗಿಲ್ಲ, ಸಾಲದ ಕಂತು ತಪ್ಪಿದೆ, ಇಂಥವನ್ನು ಬರೆಯಲು ನಾಚಿಕೆ ಬೇಡ. ಕೋರ್ಟು ಅದನ್ನೇ ತೂಗಿ ನೋಡುವುದು. ಎಪಿಪಿ, ಅಂದರೆ ಸರ್ಕಾರಿ ವಕೀಲರು ತಕರಾರು ಹಾಕುತ್ತಾರೆ, ಪೊಲೀಸರ ವರದಿ ಬರುತ್ತದೆ, ಆಮೇಲೆ ಆದೇಶ. ಬಾಂಡು ಮತ್ತು ಜಾಮೀನುದಾರರನ್ನು ಕೇಳಬಹುದು, ಅದಕ್ಕೆ ಮೊದಲೇ ತಯಾರಾಗಿರಿ.

ಇಡೀ ಖಾತೆ ಬಿಡುವುದಕ್ಕೆ ಕೋರ್ಟು ಹಿಂದೇಟು ಹಾಕುತ್ತದೆ ಅನ್ನಿಸಿದರೆ "ತಕರಾರಿನ ಮೊತ್ತ ಹಿಡಿದಿಟ್ಟು ಉಳಿದದ್ದು ಬಿಡಿ" ಅಂತ ಪರ್ಯಾಯವಾಗಿ ಕೇಳಿ. ಯುಪಿಐನಲ್ಲಿ ಯಾರೋ ಎರಡು ಸಾವಿರ ಹಾಕಿ ಸಾಮಾನು ಕೊಂಡಿರುತ್ತಾರೆ, ಆ ಎರಡು ಸಾವಿರ ಎಲ್ಲೋ ಸೈಬರ್ ವಂಚನೆಯ ಹಣದ ಮೂರನೇ ನಾಲ್ಕನೇ ಕೈ ಆಗಿರುತ್ತದೆ, ಅದಕ್ಕೆ ಅಂಗಡಿಯವರ ನಾಲ್ಕು ಲಕ್ಷ ಪೂರಾ ನಿಂತುಹೋಗಿರುತ್ತದೆ. ಇಂಥದ್ದರಲ್ಲಿ ಕೇರಳ ಹೈಕೋರ್ಟ್ 2023ರಲ್ಲಿ ಪೊಲೀಸರ ಪತ್ರದಲ್ಲಿ ಹೇಳಿದ ಮೊತ್ತಕ್ಕೆ ಮಾತ್ರ ತಡೆ ಇರಲಿ, ಉಳಿದ ಖಾತೆ ನಡೆಯಲಿ ಅಂತ ಆದೇಶ ಮಾಡಿದೆ. ಅದು ಬೇರೆ ರಾಜ್ಯದ ಹೈಕೋರ್ಟು, ನಮ್ಮ ಕೋರ್ಟುಗಳು ಅದಕ್ಕೆ ಕಟ್ಟುಬಿದ್ದಿಲ್ಲ, ಆದರೂ ವಾದಕ್ಕೆ ಬಲ ಬರುತ್ತದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಕ್ಯೂಆರ್ ಕೋಡಿನಲ್ಲೇ ವ್ಯಾಪಾರ ಮಾಡುವವರ ಪೂರಾ ಖಾತೆ ನಿಲ್ಲಿಸುವುದು ನನ್ನ ಪ್ರಕಾರ ದೊಡ್ಡ ಅನ್ಯಾಯ. ಹಣ ಹಾಕಿದವನ ಹಿನ್ನೆಲೆ ಅಂಗಡಿಯವರಿಗೆ ಹೇಗೆ ಗೊತ್ತಾಗಬೇಕು?

ಎಫ್‌ಐಆರ್ ಬೇರೆ ರಾಜ್ಯದ್ದಾದರೆ ಅರ್ಜಿ ಹಾಕಬೇಕಾದ್ದು ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ. ದೂರ, ಖರ್ಚು, ಗೊತ್ತಿಲ್ಲದ ಭಾಷೆ, ಎಲ್ಲ ನಿಜ. ಖಾತೆ ಇರುವುದು, ನಷ್ಟ ಆಗಿರುವುದು ಇಲ್ಲೇ ಆದರೆ ಸಂವಿಧಾನದ 226ನೇ ವಿಧಿಯಲ್ಲಿ ಕರ್ನಾಟಕ ಹೈಕೋರ್ಟಿಗೆ ರಿಟ್ ಹಾಕುವ ದಾರಿಯನ್ನೂ ವಕೀಲರ ಹತ್ತಿರ ಕೇಳಿ ನೋಡಿ. ಬೆಂಗಳೂರಿಗೇ ಬರಬೇಕಿಲ್ಲ, ಧಾರವಾಡ, ಕಲಬುರಗಿಯಲ್ಲೂ ಪೀಠ ಇದೆ.

ಮ್ಯಾಜಿಸ್ಟ್ರೇಟರು ಅರ್ಜಿ ವಜಾ ಮಾಡಿದರೆ ಅಲ್ಲಿಗೇ ಕೈಬಿಡಬೇಡಿ. ಸೆಷನ್ಸ್ ಕೋರ್ಟಿಗೆ ರಿವಿಷನ್ ಹಾಕಬಹುದು, 90 ದಿನದೊಳಗೆ.

ಗಾಡಿ ಠಾಣೆ ಮುಂದೆ ತುಕ್ಕು ಹಿಡಿಯುತ್ತಿದ್ದರೆ

ಇದು ಎಲ್ಲಕ್ಕಿಂತ ಸುಲಭ. 2002ರ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವಸ್ತುಗಳನ್ನು ಹದಿನೈದು ದಿನದಿಂದ ಒಂದು ತಿಂಗಳಿಗಿಂತ ಜಾಸ್ತಿ ಠಾಣೆಯಲ್ಲಿ ಇಡಬಾರದು, ಫೋಟೋ, ಮಹಜರು, ಬಾಂಡು ಮಾಡಿಸಿಕೊಂಡು ಬಿಡಬೇಕು ಅಂತ ಹೇಳಿದೆ. ಬಿಎನ್‌ಎಸ್‌ಎಸ್ 497ರಲ್ಲಿ ಈಗ ದಿನಗಳನ್ನೇ ಬರೆದಿದ್ದಾರೆ: ವಸ್ತು ಕೋರ್ಟಿನ ಮುಂದೆ ಬಂದು 14 ದಿನದೊಳಗೆ ಅದರ ವಿವರ ತಯಾರಾಗಬೇಕು, ಫೋಟೋ ಮತ್ತು ಬೇಕಾದರೆ ವಿಡಿಯೋ ತೆಗೆಯಬೇಕು, ಆಮೇಲೆ 30 ದಿನದೊಳಗೆ ಏನು ಮಾಡಬೇಕು ಅಂತ ಆದೇಶ ಆಗಬೇಕು. ಆರ್‌ಸಿ, ಇನ್ಶೂರೆನ್ಸ್, ಠಾಣೆಯ ಪಿ.ಎಫ್. (ವಶಪಡಿಸಿಕೊಂಡ ವಸ್ತುಗಳ ಪಟ್ಟಿ) ನಂಬರ್ ತೆಗೆದುಕೊಂಡು ಹೋಗಿ. ಮರಳು, ಮರ ಸಾಗಿಸಿದ ಅಂತ ಅರಣ್ಯ ಕಾಯ್ದೆಯ ಕೇಸಾಗಿದ್ದರೆ ಮಾತ್ರ ದಾರಿ ಬೇರೆ, ಅಲ್ಲಿ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಮುಂದೆ ನಡೆಯುವ ಮುಟ್ಟುಗೋಲು ವಿಚಾರಣೆಗೆ ಹೋಗಿ ಹೇಳಿಕೆ ಕೊಡಬೇಕು.

"ಅಪರಾಧದಿಂದ ಬಂದದ್ದು" ಅಂತ ಕೋರ್ಟೇ ಜಪ್ತಿ ಮಾಡಿದರೆ

ಬಿಎನ್‌ಎಸ್‌ಎಸ್ ಕಲಂ 107 ಹೊಸದು. ಹಳೆ ಸಿಆರ್‌ಪಿಸಿಯಲ್ಲಿ ಹೀಗೆ ಎಲ್ಲ ಅಪರಾಧಕ್ಕೂ ಅನ್ವಯ ಆಗುವ ಕಲಂ ಇರಲಿಲ್ಲ. ತನಿಖಾಧಿಕಾರಿ ಎಸ್‌ಪಿ ಅಥವಾ ಕಮಿಷನರ್ ಒಪ್ಪಿಗೆ ಪಡೆದು ಕೋರ್ಟಿಗೆ ಅರ್ಜಿ ಹಾಕುತ್ತಾರೆ. ಕೋರ್ಟು ನಿಮಗೆ ನೋಟಿಸ್ ಕೊಡುತ್ತದೆ, 14 ದಿನದಲ್ಲಿ ಕಾರಣ ಹೇಳಬೇಕು.

ಈ 14 ದಿನ ಬಹಳ ದುಬಾರಿ ದಿನಗಳು. ಹಾಜರಾಗದಿದ್ದರೆ ನಿಮ್ಮ ಮಾತು ಕೇಳದೆಯೇ ಆದೇಶ ಮಾಡಬಹುದು. ಅಪರಾಧದ ಗಳಿಕೆ ಅಂತ ತೀರ್ಮಾನವಾದರೆ ಕೋರ್ಟು ಅದನ್ನು ಮೋಸ ಹೋದವರಿಗೆ ಹಂಚಲು ಜಿಲ್ಲಾಧಿಕಾರಿಗೆ ಹೇಳುತ್ತದೆ, ಅವರು 60 ದಿನದೊಳಗೆ ಹಂಚಬೇಕು. ಪಡೆಯುವವರು ಯಾರೂ ಇಲ್ಲದಿದ್ದರೆ ಅಥವಾ ಹಂಚಿ ಉಳಿದರೆ ಸರ್ಕಾರಕ್ಕೆ. ಅಂದರೆ ಕೇಸಿನ ತೀರ್ಪು ಬರುವ ಮೊದಲೇ ಆಸ್ತಿ ಕೈತಪ್ಪಿ ಹೋಗಬಹುದು. ನನಗೆ ಈ ಕಲಮಿನ ಬಗ್ಗೆ ಭಯ ಇರುವುದು ಅದಕ್ಕೇ. ನೋಟಿಸ್ ಹಳೆ ಮನೆಯ ವಿಳಾಸಕ್ಕೆ ಹೋಗಿ, ಅಲ್ಲಿ ಯಾರೋ ಸಹಿ ಮಾಡಿ ಇಟ್ಟುಕೊಂಡು, ನಿಮಗೆ ಗೊತ್ತಾಗುವ ಹೊತ್ತಿಗೆ ಹಂಚಿಕೆಯೂ ಆಗಿರುತ್ತದೆ ಅನ್ನುವ ಸ್ಥಿತಿ ಯಾರಿಗೂ ಬರಬಾರದು. ಕೋರ್ಟಿನ ಲಕೋಟೆ ಬಂದ ದಿನವೇ ಒಡೆದು ನೋಡಿ.

ಇನ್ನೊಂದು ಕಡೆ ಇದೇ ಕಲಂ ಆರೋಪಿಗಳಿಗೂ ಉಪಯೋಗಕ್ಕೆ ಬರುತ್ತದೆ. ಅಪರಾಧದ ಗಳಿಕೆ ಅಂತ ಖಾತೆ ತಡೆಹಿಡಿಯಬೇಕಾದರೆ ಪೊಲೀಸರು 106ರಲ್ಲಿ ತಾವೇ ಪತ್ರ ಬರೆದರೆ ಸಾಲದು, 107ರಲ್ಲಿ ಮ್ಯಾಜಿಸ್ಟ್ರೇಟರ ಆದೇಶ ಬೇಕು ಅಂತ ಕೇರಳ ಹೈಕೋರ್ಟ್ 2025ರಲ್ಲಿ ಹೇಳಿದೆ. ಎಲ್ಲ ಕೋರ್ಟುಗಳೂ ಒಂದೇ ಮಾತಿನಲ್ಲಿಲ್ಲ, ಆದರೂ ಹೊಸ ಎಫ್‌ಐಆರ್ ಆದರೆ ಈ ಅಂಶವನ್ನು ನಿಮ್ಮ ವಕೀಲರಿಗೆ ನೆನಪಿಸಿ.

ತಲೆಮರೆಸಿಕೊಂಡ ಅಂತ ಜಪ್ತಿ ಮಾಡಿದ್ದರೆ

ವಾರಂಟ್ ಹೋದರೂ ಸಿಗಲಿಲ್ಲ ಅಂದರೆ ಕೋರ್ಟು ಉದ್ಘೋಷಣೆ, ಅಂದರೆ ಇಂಥ ದಿನ ಹಾಜರಾಗಬೇಕು ಅನ್ನುವ ಬಹಿರಂಗ ಪ್ರಕಟಣೆ ಹೊರಡಿಸುತ್ತದೆ. ಬಿಎನ್‌ಎಸ್‌ಎಸ್ 84, ಹಳೆಯದು 82. ಹಾಜರಾಗಲು ಕನಿಷ್ಠ 30 ದಿನ ಕೊಡಬೇಕು. ಅದರ ಜೊತೆಗೆ ಅಥವಾ ಆಮೇಲೆ 85ರಲ್ಲಿ ಆಸ್ತಿ ಜಪ್ತಿ. ಇಲ್ಲಿ ಮನೆ ಜಮೀನೂ ಬರುತ್ತದೆ.

ಇದು ಮುಗಿಯುವ ದಾರಿಗಳು ಕಾನೂನಿನಲ್ಲೇ ಸ್ಪಷ್ಟ ಇವೆ. ಹೇಳಿದ ದಿನದೊಳಗೆ ಆರೋಪಿ ಬಂದು ಹಾಜರಾದರೆ ಕೋರ್ಟು ಆಸ್ತಿಯನ್ನು ಬಿಡಲೇಬೇಕು. ಬರದಿದ್ದರೆ ಆಸ್ತಿ ಸರ್ಕಾರದ ಕೈಗೆ ಹೋಗುತ್ತದೆ, ಆದರೆ ಜಪ್ತಿಯಾದ ದಿನದಿಂದ ಆರು ತಿಂಗಳು ತುಂಬುವ ತನಕ, ಬೇರೆಯವರ ತಕರಾರು ಇತ್ಯರ್ಥ ಆಗುವ ತನಕ ಮಾರುವ ಹಾಗಿಲ್ಲ. ಬೇಗ ಕೆಡುವ ವಸ್ತು, ದನಕರು ಇಂಥವಕ್ಕೆ ಮಾತ್ರ ವಿನಾಯಿತಿ.

ಆ ಆರು ತಿಂಗಳು ಮನೆಯವರಿಗೆ ಮುಖ್ಯ. ಅಣ್ಣನ ಮೇಲೆ ಕೇಸು, ಜಪ್ತಿಯಾದದ್ದು ಭಾಗವಾಗದ ಪಿತ್ರಾರ್ಜಿತ ಜಮೀನು. ತಮ್ಮ, ತಂಗಿ, ತಾಯಿ ಯಾರಾದರೂ "ಇದರಲ್ಲಿ ನನ್ನ ಪಾಲೂ ಇದೆ" ಅಂತ ಆರು ತಿಂಗಳೊಳಗೆ 87ರಲ್ಲಿ ಅರ್ಜಿ ಹಾಕಬೇಕು, ಹಳೆಯದು 84. ವಜಾ ಆದರೆ ಒಂದು ವರ್ಷದೊಳಗೆ ಸಿವಿಲ್ ದಾವೆ ಹಾಕಬಹುದು. ಪಹಣಿ, ವಂಶವೃಕ್ಷ, ಮ್ಯುಟೇಷನ್ ಪ್ರತಿ ಆಗಲೇ ತೆಗೆಸಿಡಿ. ಆರೋಪಿ ಎಲ್ಲಿದ್ದಾನೆ ಅನ್ನುವ ಪ್ರಶ್ನೆಗೂ ನಿಮ್ಮ ಪಾಲಿನ ಹಕ್ಕಿಗೂ ಸಂಬಂಧ ಇಲ್ಲ, ಹೆದರಿ ಸುಮ್ಮನಿರಬೇಡಿ.

ಕರಾವಳಿ ಕಡೆಯಿಂದ ಗಲ್ಫಿಗೆ ಹೋದವರಿಗೂ ಇದನ್ನು ಹೇಳಬೇಕು. ಊರಲ್ಲಿ ಕೇಸಾಗಿರುವುದೇ ಗೊತ್ತಿರುವುದಿಲ್ಲ, ಸಮನ್ಸು ಬೀಗ ಹಾಕಿದ ಮನೆಗೆ ಬಂದು ವಾಪಸ್ ಹೋಗಿರುತ್ತದೆ. ಅಂಥವರು ಜಪ್ತಿಯಾದ ಎರಡು ವರ್ಷದೊಳಗೆ ಬಂದು, ತಾನು ಬೇಕೆಂದೇ ತಪ್ಪಿಸಿಕೊಂಡಿರಲಿಲ್ಲ, ಉದ್ಘೋಷಣೆ ತನಗೆ ಗೊತ್ತೇ ಆಗಲಿಲ್ಲ ಅಂತ ತೋರಿಸಿದರೆ ಆಸ್ತಿ ವಾಪಸ್ ಸಿಗುತ್ತದೆ. ಮಾರಿಹೋಗಿದ್ದರೆ ಖರ್ಚು ಕಳೆದು ಉಳಿದ ಹಣ. ಕಲಂ 88, ಹಳೆಯದು 85. ಪಾಸ್‌ಪೋರ್ಟಿನ ಎಂಟ್ರಿ ಎಕ್ಸಿಟ್ ಸೀಲುಗಳು, ಕೆಲಸದ ಕರಾರು, ವೀಸಾ ಇವೇ ನಿಮ್ಮ ಸಾಕ್ಷಿ. ಕೋರ್ಟು ಒಪ್ಪದಿದ್ದರೆ ಮೇಲ್ಮನವಿಗೂ ಅವಕಾಶ ಇದೆ.

ಇ.ಡಿ. ಜಪ್ತಿ: ಇಲ್ಲಿ ಕ್ಯಾಲೆಂಡರ್ ಹಿಡಿದು ಕೂರಬೇಕು

ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ, 2002. ಎಲ್ಲರೂ ಪಿಎಂಎಲ್‌ಎ ಅನ್ನುತ್ತೇವೆ. ಇದರಲ್ಲಿ ಜಪ್ತಿ ಮಾಡುವುದು ಇ.ಡಿ., ಅಂದರೆ ಕೇಂದ್ರದ ಜಾರಿ ನಿರ್ದೇಶನಾಲಯ. ಕಲಂ 5ರ ತಾತ್ಕಾಲಿಕ ಜಪ್ತಿಗೆ 180 ದಿನದ ಆಯುಸ್ಸು. ಆದೇಶದ ತಾರೀಖಿನಿಂದ ಎಣಿಸಬೇಕು, ನಿಮ್ಮ ಕೈಗೆ ಸಿಕ್ಕ ದಿನದಿಂದ ಅಲ್ಲ. ಹೈಕೋರ್ಟಿನ ತಡೆಯಾಜ್ಞೆ ಇದ್ದ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಇ.ಡಿ. 30 ದಿನದೊಳಗೆ ಅಡ್ಜುಡಿಕೇಟಿಂಗ್ ಅಥಾರಿಟಿಗೆ, ಅಂದರೆ ಜಪ್ತಿ ಸರಿಯೋ ಅಲ್ಲವೋ ಅಂತ ತೀರ್ಮಾನಿಸುವ ಪ್ರಾಧಿಕಾರಕ್ಕೆ ದೂರು ಕೊಡಬೇಕು. ಅಥಾರಿಟಿ ನಿಮಗೆ ಕನಿಷ್ಠ 30 ದಿನ ಕಾಲಾವಕಾಶದ ನೋಟಿಸ್ ಕೊಟ್ಟು, ಕೇಳಿ, ಆ 180 ದಿನದೊಳಗೆ ದೃಢಪಡಿಸಬೇಕು. ಇಲ್ಲವಾದರೆ ಜಪ್ತಿ ಬಿದ್ದುಹೋಗುತ್ತದೆ. ಈ ಲೇಖನದಲ್ಲಿ ತಾನಾಗಿ ಮುಗಿಯುವ ಜಪ್ತಿ ಅಂತ ಧೈರ್ಯವಾಗಿ ಹೇಳಬಹುದಾದ ಕೆಲವೇ ಕೆಲವಲ್ಲಿ ಇದೂ ಒಂದು.

ದೃಢವಾದ ಮೇಲೆ ಲೆಕ್ಕ ಬದಲಾಗುತ್ತದೆ. ತನಿಖೆ ನಡೆಯುತ್ತಿದ್ದರೆ ಹೆಚ್ಚೆಂದರೆ 365 ದಿನ. ಅಷ್ಟರೊಳಗೆ ವಿಶೇಷ ಕೋರ್ಟಿಗೆ ಇ.ಡಿ. ದೂರು ಸಲ್ಲಿಸಿದರೆ ಆ ಕೇಸು ಮುಗಿಯುವ ತನಕ. ಈ 365 ಮೊದಲು 90 ಇತ್ತು, 2019ರಲ್ಲಿ ಏರಿಸಿದರು. ದೂರಿನಲ್ಲಿ ಹೆಸರೇ ಇಲ್ಲದ ಒಬ್ಬರ ವಸ್ತುಗಳನ್ನು 365 ದಿನ ಕಳೆದರೂ ಇಟ್ಟುಕೊಂಡಿದ್ದಾಗ ದೆಹಲಿ ಹೈಕೋರ್ಟ್ 2024ರ ಜನವರಿಯಲ್ಲಿ ವಾಪಸ್ ಕೊಡಿ ಅಂತ ಹೇಳಿತು. ಇದಕ್ಕೆ ಎದುರು ವಾದವೂ ಇದೆ, ಆದರೆ ನೀವು ಆರೋಪಿ ಅಲ್ಲದೆ ಆಸ್ತಿ ಮಾತ್ರ ಸಿಕ್ಕಿಹಾಕಿಕೊಂಡಿದ್ದರೆ ಆ ತೀರ್ಪು ಓದಲೇಬೇಕಾದ್ದು.

ಅಥಾರಿಟಿಯ ಆದೇಶ ಒಪ್ಪದಿದ್ದರೆ 45 ದಿನದಲ್ಲಿ ಅಪೀಲು ಟ್ರಿಬ್ಯೂನಲ್, ಅಲ್ಲಿಂದ 60 ದಿನದಲ್ಲಿ ಹೈಕೋರ್ಟ್. ಮೂಲ ಕೇಸಿನಲ್ಲಿ, ಅಂದರೆ ಪೊಲೀಸರೋ ಸಿಬಿಐಯೋ ಹಾಕಿದ ಕೇಸಿನಲ್ಲಿ ನೀವು ಖುಲಾಸೆಯಾದರೆ ಅಥವಾ ಅದು ರದ್ದಾದರೆ ನಿಮ್ಮ ಮೇಲೆ ಅಕ್ರಮ ಹಣದ ಕೇಸು ನಿಲ್ಲುವುದಿಲ್ಲ. 2022ರ ಜುಲೈ 27ರ ವಿಜಯ್ ಮದನ್‌ಲಾಲ್ ಚೌಧರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ಆದರೂ ಜಪ್ತಿ ತೆಗೆಸಲು ಆ ಆದೇಶದ ನಕಲು ಹಚ್ಚಿ ಅರ್ಜಿ ಹಾಕಲೇಬೇಕು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ: ಕೇಸು ತೀರ್ಮಾನ ಆಗುವ ಮೊದಲು ಆಸ್ತಿಯ ಸ್ವಾಧೀನ ತೆಗೆದುಕೊಳ್ಳುವುದು ಸಾಮಾನ್ಯ ಕ್ರಮ ಆಗಬಾರದು. ಹಾಗಾಗಿ ಜಪ್ತಿ ಅಂದ ಕೂಡಲೇ ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಮನೆ ಖಾಲಿ ಮಾಡುವ ಗಾಬರಿ ಬೇಡ.

ಬೇರೆ ಎರಡು ಕಾಯ್ದೆಗಳ ದಿನಗಳನ್ನು ಬೇಗ ಹೇಳಿಬಿಡುತ್ತೇನೆ. ಮಾದಕ ವಸ್ತು ಕಾಯ್ದೆಯ 68ಎಫ್ ಫ್ರೀಜ್ 30 ದಿನದಲ್ಲಿ ದೃಢವಾಗದಿದ್ದರೆ ನಿಲ್ಲುವುದಿಲ್ಲ. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, ಅಂದರೆ ಯುಎಪಿಎ ಕಲಂ 25ರಲ್ಲಿ 48 ಗಂಟೆಯೊಳಗೆ ಮೇಲಿನ ಪ್ರಾಧಿಕಾರಕ್ಕೆ ತಿಳಿಸಬೇಕು, ಅವರು 60 ದಿನದಲ್ಲಿ ಒಪ್ಪಬೇಕು ಇಲ್ಲಾ ಬಿಡಬೇಕು, ನಿಮಗೆ ಅಪೀಲಿಗೆ 30 ದಿನ.

ಚೀಟಿ, ಹೂಡಿಕೆ ಕಂಪನಿಗಳ ಮೋಸಕ್ಕೆ ನಮ್ಮಲ್ಲಿ 2004ರ ಕರ್ನಾಟಕ ಠೇವಣಿದಾರರ ಹಿತರಕ್ಷಣಾ ಕಾಯ್ದೆ, ಅಂದರೆ ಕೆಪಿಐಡಿ ಇದೆ. 2019ರಲ್ಲಿ ಬೆಂಗಳೂರಿನ ಐಎಂಎ ಹೂಡಿಕೆ ವಂಚನೆ ಪ್ರಕರಣದಲ್ಲಿ ಈ ಹೆಸರು ಮನೆಮನೆಗೆ ಗೊತ್ತಾಯಿತು. ಇಲ್ಲಿ ಜಪ್ತಿ ಮುಗಿಯುವುದು ಅಂದರೆ ವಿಶೇಷ ಕೋರ್ಟು ಅದನ್ನು ಖಾಯಂ ಮಾಡಿ, ಆಸ್ತಿ ಹರಾಜಾಗಿ, ಠೇವಣಿದಾರರಿಗೆ ಹಣ ಹಂಚಿ ಆಗುವುದು. ಹಣ ಇಟ್ಟವರು ಸಕ್ಷಮ ಪ್ರಾಧಿಕಾರ ಪ್ರಕಟಣೆ ಕೊಟ್ಟಾಗ ಕ್ಲೇಮು ಹಾಕಬೇಕು. ಆ ಕಂಪನಿಯಿಂದ ಗೊತ್ತಿಲ್ಲದೆ ಸೈಟು ಕೊಂಡವರು ವಿಶೇಷ ಕೋರ್ಟಿನಲ್ಲಿ ತಕರಾರು ಹಾಕಬೇಕು, ಖಾಯಂ ಆದೇಶ ಆಗುವ ಮೊದಲೇ.

ತೀರ್ಪು ಬಂದ ದಿನ ಕೊನೆಯ ಪುಟ ಓದಿ

ಈಗ ಹಾರ್ಡ್‌ವೇರ್ ಅಂಗಡಿಯವರ ವಿಷಯಕ್ಕೆ ಬರೋಣ. ವಿಚಾರಣೆ ಮುಗಿದಾಗ ವಸ್ತುಗಳನ್ನು ಏನು ಮಾಡಬೇಕು ಅಂತ ಕಲಂ 498ರಲ್ಲಿ ಕೋರ್ಟು ಆದೇಶ ಮಾಡಬೇಕು, ಹಳೆಯದು 452. ಅದು ಇರುವುದು ತೀರ್ಪಿನ ಕೊನೆಯ ಪ್ಯಾರಾದಲ್ಲಿ: "ಎಂ.ಒ. 1ರಿಂದ 5 ಬೆಲೆಯಿಲ್ಲದ ಕಾರಣ ಅಪೀಲು ಅವಧಿ ಮುಗಿದ ನಂತರ ನಾಶಪಡಿಸತಕ್ಕದ್ದು" ಅನ್ನುವ ಥರದ ಸಾಲುಗಳು. ಎಂ.ಒ. ಅಂದರೆ ಕೇಸಿನಲ್ಲಿ ನಂಬರ್ ಹಾಕಿ ಗುರುತಿಸಿದ ವಸ್ತು. ಖುಲಾಸೆ ಅಂತ ಕೇಳಿದ ಸಂತೋಷದಲ್ಲಿ ಇದನ್ನು ಯಾರೂ ಓದುವುದಿಲ್ಲ. ನಿಮ್ಮ ಮೊಬೈಲು, ಚಿನ್ನ, ನಗದು ಆ ಪಟ್ಟಿಯಲ್ಲಿ ಇದ್ದು ಸರ್ಕಾರಕ್ಕೆ ಮುಟ್ಟುಗೋಲು ಅಂತ ಬರೆದಿದ್ದರೆ ಕಲಂ 500ರಲ್ಲಿ ಅಪೀಲು ಹಾಕಬೇಕು, ಕೇಸು ಗೆದ್ದಿದ್ದರೂ.

ಬಿಡುಗಡೆ ಅಂತ ಆದೇಶ ಇದ್ದರೂ ಮಾರನೇ ದಿನವೇ ಕೈಗೆ ಬರುವುದಿಲ್ಲ. ಎರಡು ತಿಂಗಳು, ಯಾರಾದರೂ ಅಪೀಲು ಹಾಕಿದ್ದರೆ ಅದು ಮುಗಿಯುವ ತನಕ ಜಾರಿ ಮಾಡುವ ಹಾಗಿಲ್ಲ. ಬಾಂಡು ಬರೆದುಕೊಟ್ಟಿದ್ದರೆ ಈ ಕಾಯುವಿಕೆ ಇಲ್ಲ.

ಆದೇಶದಲ್ಲಿ ಏನೂ ಬರೆದಿಲ್ಲವಾ? ಖಾತೆಗಳ ವಿಷಯದಲ್ಲಿ ಹೀಗಾಗುವುದು ಜಾಸ್ತಿ, ಯಾಕೆಂದರೆ ಖಾತೆ ಕೋರ್ಟಿನ ಮಾಲ್‌ಖಾನೆಯಲ್ಲಿ ಇಡುವ ವಸ್ತು ಅಲ್ಲ, ಅದಕ್ಕೆ ಎಂ.ಒ. ನಂಬರ್ ಇಲ್ಲ, ಕಣ್ಣಿಗೆ ಬೀಳುವುದಿಲ್ಲ. ಅದೇ ಕೋರ್ಟಿಗೆ ಒಂದು ಅರ್ಜಿ ಹಾಕಿ, ಖಾತೆ ನಂಬರ್, ಫ್ರೀಜ್ ಮಾಡಿದ ಪತ್ರದ ತಾರೀಖು ಬರೆದು, ಬ್ಯಾಂಕಿಗೆ ನೇರವಾಗಿ ಸೂಚನೆ ಹೋಗಲಿ ಅಂತ ಕೇಳಿ. ಅಂಗಡಿಯವರಿಗೆ ನಾವು ಮಾಡಿದ್ದು ಇಷ್ಟೇ. ಹದಿನಾಲ್ಕು ತಿಂಗಳು ಅಲೆದ ಕೆಲಸ ಮೂರನೇ ವಾಯಿದೆಗೆ ಮುಗಿಯಿತು. ಪೊಲೀಸರು ಬಿ ರಿಪೋರ್ಟ್ (ಕೇಸು ಮುಚ್ಚುವ ವರದಿ) ಹಾಕಿ ಕೋರ್ಟು ಒಪ್ಪಿದ್ದರೂ, ಹೈಕೋರ್ಟು ಎಫ್‌ಐಆರ್ ರದ್ದು ಮಾಡಿದ್ದರೂ ಇದೇ ಕ್ರಮ. ಚಾರ್ಜ್‌ಶೀಟಿನಲ್ಲಿ ನಿಮ್ಮ ಖಾತೆಯ ಪ್ರಸ್ತಾಪವೇ ಇಲ್ಲದಿದ್ದರೆ ತೀರ್ಪಿನವರೆಗೂ ಕಾಯಬೇಡಿ, ಚಾರ್ಜ್‌ಶೀಟ್ ನಕಲು ಸಿಕ್ಕ ವಾರವೇ ಅರ್ಜಿ ಹಾಕಿ.

ಆದೇಶ ಕೈಗೆ ಬಂದ ಮೇಲೆ

ದೃಢೀಕೃತ ನಕಲು ನಾಲ್ಕೈದು ಪ್ರತಿ ತೆಗೆಸಿ. ಜೆರಾಕ್ಸಿಗೆ ಬ್ಯಾಂಕಿನವರು ಒಪ್ಪುವುದಿಲ್ಲ.

ಬ್ಯಾಂಕಿಗೆ ಪತ್ರದ ಜೊತೆ ಒಂದು ಪ್ರತಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಎಫ್‌ಡಿ, ಲಾಕರ್, ಡಿಮ್ಯಾಟ್ ಬೇರೆ ಬೇರೆ ನಿಂತಿದ್ದರೆ ಒಂದೊಂದಕ್ಕೂ ಬೇರೆ ಪತ್ರ. 30 ದಿನ ಕಳೆದರೂ ತೆಗೆಯದಿದ್ದರೆ, ಅಥವಾ ಕೊಟ್ಟ ಉತ್ತರ ಸರಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಕೊಡಬಹುದು, ಅದಕ್ಕೆ ಫೀಸು ಇಲ್ಲ.

ಸೈಟು, ಮನೆಯಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಒಂದು ಪ್ರತಿ. ಜಮೀನಾದರೆ ತಹಶೀಲ್ದಾರರಿಗೂ ಒಂದು, ಪಹಣಿಯ 11ನೇ ಕಾಲಮ್ಮಿನಲ್ಲಿ ಜಪ್ತಿ ಅಂತ ಬರೆದಿದ್ದರೆ ಅದನ್ನು ತೆಗೆಸಲು. ಗಾಡಿಯಾದರೆ ಆರ್‌ಟಿಒದಲ್ಲಿ ಬ್ಲ್ಯಾಕ್‌ಲಿಸ್ಟ್ ತೆಗೆಸಬೇಕು, ಇಲ್ಲದಿದ್ದರೆ ಎಫ್‌ಸಿ ಮಾಡಿಸುವ ದಿನ ಗೊತ್ತಾಗುತ್ತದೆ.

ಜಪ್ತಿ ಇರುವಾಗ ಆ ಆಸ್ತಿಯನ್ನು ಮಾರುವುದು, ಹೆಂಡತಿ ಹೆಸರಿಗೆ ದಾನಪತ್ರ ಮಾಡುವುದು, ಅಗ್ರಿಮೆಂಟ್ ಹಾಕಿ ಮುಂಗಡ ತೆಗೆದುಕೊಳ್ಳುವುದು ಬೇಡ. ಹೊಸ ಕೇಸು ತಲೆ ಮೇಲೆ ಬರುತ್ತದೆ, ಕೊಂಡವರೂ ಬೀದಿಗೆ ಬರುತ್ತಾರೆ. "ಅಷ್ಟು ಕೊಡಿ, ನಾಳೆ ಅನ್‌ಫ್ರೀಜ್ ಮಾಡಿಸುತ್ತೇನೆ" ಅಂತ ಫೋನಿನಲ್ಲಿ ಬರುವವರಿಗೆ ಒಂದು ರೂಪಾಯಿ ಕೊಡಬೇಡಿ, ಒಟಿಪಿಯಂತೂ ಹೇಳಲೇಬೇಡಿ. ವಕೀಲರ ಫೀಸು ಕೊಡುವ ಶಕ್ತಿ ಇಲ್ಲ ಅಂದರೆ 15100ಕ್ಕೆ ಕರೆ ಮಾಡಿ, ಅಥವಾ ಜಿಲ್ಲಾ ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಜೈಲಿನಲ್ಲಿ ಇರುವವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಎಲ್ಲ ಮುಗಿಯಿತು ಅಂದ ಮೇಲೂ ಒಂದು ತಿಂಗಳು ಬಿಟ್ಟು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಹೊಸದಾಗಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಪಹಣಿ ಒಂದು ಪ್ರಿಂಟ್ ತೆಗೆದು ನೋಡಿ, ಖಾತೆಯಿಂದ ನೂರು ರೂಪಾಯಿ ಯಾರಿಗಾದರೂ ಕಳಿಸಿ ನೋಡಿ. ಹೋದರೆ ಸರಿ. ಹೋಗದಿದ್ದರೆ ಆ ದಿನವೇ, ಸೀಲು ಹಾಕಿಸಿಕೊಂಡ ಪ್ರತಿ ಹಿಡಿದು, ಅದೇ ಕೌಂಟರಿಗೆ ಮತ್ತೆ ಹೋಗಿ.